ತರಬೇತಿ ಕೊಟ್ಟಿದ್ದು ಯಜಮಾನ್ರಿಗೆ, ನಾಟಿ ಹಾಕಿದ್ದು ಬೇರೆಯೋರು

ಮಂಡ್ಯ ಜಿಲ್ಲೇಲಿ ಭತ್ತ ಬೆಳೆಯೋ ಸಣ್ಣ ರೈತರಿಗೆ ತರಬೇತಿ ಕೊಡೋ ಕೆಲಸ ನಂದು, ಎಂಟು ವರ್ಷ ಆಯ್ತು. ಹೆಚ್ಚಿನೋರು ಒಂದು, ಒಂದೂವರೆ ಎಕರೆಯೋರು, ವಿಶ್ವೇಶ್ವರಯ್ಯ ನಾಲೆ ನಂಬ್ಕೊಂಡು ಬದುಕ್ತಿರೋರು. ಈ ಕೆಲಸಕ್ಕೆ ಹೊಸದಾಗಿ ಬರೋರಿಗೆ ನನ್ನ ಮೊದಲನೇ ವರ್ಷದ ತಪ್ಪು ಗೊತ್ತಿರ್ಲಿ ಅಂತ ಬರೀತಿದ್ದೀನಿ.

ಆಗ ನಾವು ಹೇಳ್ಕೊಡ್ತಿದ್ದಿದ್ದು ಶ್ರೀ ಪದ್ಧತಿ, ಅಂದ್ರೆ ಕಮ್ಮಿ ಬಿತ್ತನೆ, ಕಮ್ಮಿ ನೀರಲ್ಲಿ ಭತ್ತ ಬೆಳೆಯೋ ವಿಧಾನ. ಮಾಮೂಲಿ ನಾಟಿಗೆ ಎಕರೆಗೆ 25 ಕೆಜಿ ಬಿತ್ತನೆ ಹಾಕ್ತಾರಲ್ಲ, ಇದಕ್ಕೆ 2-3 ಕೆಜಿ ಸಾಕು. 8ರಿಂದ 12 ದಿನದ ಎಳೆ ಪೈರು, ಗುಣಿಗೆ ಒಂದೇ ಒಂದು, ಆ ಕಡೆ ಈ ಕಡೆ 25 ಸೆಂಟಿಮೀಟರ್ ಅಂತರ, ನೀರು ನಿಲ್ಲಿಸೋ ಹಾಗಿಲ್ಲ, ಕಳೆ ಬಂದ್ರೆ ಕೋನೋ ವೀಡರ್ ಅನ್ನೋ ಕೈಯಲ್ಲಿ ತಳ್ಳೋ ಯಂತ್ರ ಓಡಿಸ್ಬೇಕು. ಸರಿಯಾಗಿ ಮಾಡಿದ್ರೆ ಒಂದೇ ಬುಡದಿಂದ ತೆಂಡೆ (ಕವಲು) ಹೊಡೆಯೋದು ನೋಡೋಕೇ ಖುಷಿ. ಸಮುದಾಯ ಭವನದಲ್ಲಿ ಎರಡು ದಿನ ತರಬೇತಿ ಇಟ್ವಿ, ಅರವತ್ತು ಜನ ಬಂದ್ರು, ಎಲ್ಲಾ ಗಂಡಸರು, ಪಹಣಿ ಯಾರ ಹೆಸರಲ್ಲಿದ್ಯೋ ಅವರೇ. ಸೈನ್ ಹಾಕಿದ್ರು, ಊಟ ಮಾಡಿದ್ರು, ಒಳ್ಳೊಳ್ಳೆ ಪ್ರಶ್ನೆನೂ ಕೇಳಿದ್ರು. ಗದ್ದೇಲಿ ಮಾಡಿದೋರು ಮಾತ್ರ ನಾಲ್ಕೇ ಜನ, ಅದ್ರಲ್ಲೂ ಮೂರು ಗದ್ದೆ ಕೆಟ್ಟೋಯ್ತು.

ಯಾಕೆ ಅಂತ ಗೊತ್ತಾಗಿದ್ದು ಮೂರನೇ ಗದ್ದೆ ತೆವರಿ ಮೇಲೆ ನಿಂತಾಗ. ನಾಟಿಗೆ ಹತ್ತು ಜನ ಹೆಂಗಸ್ರು ಬಂದಿದ್ರು, ಒಟ್ಲಿಂದ (ಸಸಿ ಮಡಿಯಿಂದ) ಪೈರು ಕಿತ್ತು, ಮಾಮೂಲಿ ಥರಾನೇ ಬೇರು ಜಾಡಿಸಿ, ಕಟ್ಟು ಕಟ್ಟಿ ಬಿಸಿಲಲ್ಲಿ ಇಟ್ಟಿದ್ರು. ಹತ್ತು ದಿನದ ಪೈರು ಅಂದ್ರೆ ಎರಡೇ ಎಲೆ, ದಾರದ ಥರ ಇರುತ್ತೆ, ಬೇರಿನ ಮಣ್ಣು ಹೋದ್ರೆ ಅರ್ಧ ಗಂಟೇಲಿ ಬಾಡೋಗುತ್ತೆ. ಹಾಗ್ ಮಾಡ್ಬೇಡಿ ಅಂದೆ. ಅವರಲ್ಲಿ ಹಿರಿಯೋರು ಸೊಂಟ ನೆಟ್ಟಗೆ ಮಾಡ್ಕೊಂಡು, "ನಮ್ಗೆ ಯಾರ್ ಹೇಳವ್ರೆ ಕಣಪ್ಪಾ ಇದ್ನೆಲ್ಲಾ? ಎಕರೆ ಲೆಕ್ಕದಲ್ಲಿ ಕೂಲಿ ನಮ್ಗೆ, ಒಂದೊಂದೇ ಪೈರು ಊರ್ತಾ ಕೂತ್ರೆ ಹೊತ್ತು ಮುಳುಗೋದ್ರೂ ಈ ಗದ್ದೆ ಮುಗಿಯಕಿಲ್ಲ" ಅಂದ್ರು. ನನ್ನತ್ರ ಉತ್ತರ ಇರ್ಲಿಲ್ಲ. ಯಜಮಾನ್ರಿಗೆ ಬಿತ್ತನೆ ಖರ್ಚು ಉಳಿಸೋದನ್ನ ಹೇಳ್ಕೊಟ್ಟಿದ್ದೆ, ಆ ಉಳಿತಾಯಕ್ಕೆ ಬೆಲೆ ತೆರ್ತಿದ್ದೋರು ಈ ಹೆಂಗಸ್ರು.

ಶ್ರೀ ಪದ್ಧತಿ ಹುಟ್ಟಿದ್ದು ಮಡಗಾಸ್ಕರ್‌ನಲ್ಲಿ, 1980ರ ದಶಕದಲ್ಲಿ, ಲೊಲಾನಿಯೆ ಅನ್ನೋ ಫ್ರೆಂಚ್ ಪಾದ್ರಿ ಅಲ್ಲಿನ ರೈತರ ಜೊತೆ ಗದ್ದೇಲೇ ಇದ್ದು ರೂಪಿಸಿದ್ದು. ನಾವು ಅದನ್ನ ಭವನದ ಒಳಗೆ ಸ್ಕ್ರೀನ್ ಮೇಲೆ ತೋರಿಸಿದ್ವಿ.

ಮುಂದಿನ ವರ್ಷ ನಾಟಿ ಗುಂಪಿಗೇ ತರಬೇತಿ ಇಟ್ವಿ, ಕೆಸರಲ್ಲೇ, ಆ ದಿನದ ಕೂಲಿ ಕೊಟ್ಟು. ಕೂಲಿ ಕೊಡೋದಕ್ಕೆ ಆಫೀಸಲ್ಲಿ ಒಪ್ಪಿಸೋಕೆ ಸಾಕಾಗೋಯ್ತು, ಆದ್ರೆ ಒಂದು ದಿನ ಕೆಲಸ ಬಿಟ್ರೆ ಮನೇಲಿ ಒಲೆ ಉರಿಯೋದೇ ಕಷ್ಟ ಇರೋರನ್ನ ಸುಮ್ನೆ ಬಂದು ಕೂತ್ಕೊಳ್ಳಿ ಅಂತ ಕರೆಯೋದು ತಪ್ಪು, ಈಗ್ಲೂ ನಾನು ಹಾಗೇ ಅನ್ಕೊಂಡಿದ್ದೀನಿ. 25 ಸೆಂಟಿಮೀಟರ್ ಅನ್ನೋ ಲೆಕ್ಕಾನ ಅವರೇ ಒಂದು ಗೇಣು ಎರಡು ಬೆರಳು ಮಾಡ್ಕೊಂಡ್ರು, ಹಗ್ಗಕ್ಕೆ ಅಷ್ಟಷ್ಟು ದೂರಕ್ಕೆ ಕೆಂಪು ಬಟ್ಟೆ ಚೂರು ಕಟ್ಟಿದ್ರು. ಪೈರನ್ನ ಮಣ್ಣು ಸಮೇತ ತಟ್ಟೇಲಿ ಎತ್ಕೊಂಡು ಬರೋಕೆ ಶುರು ಮಾಡಿದ್ರು. ಮೊದಲ ದಿನ ತುಂಬಾ ನಿಧಾನ, ನಾಲ್ಕನೇ ದಿನಕ್ಕೆ ಕೈ ಕೂತಿತ್ತು. ರೈತರ ಜೊತೆ ಮಾತಾಡಿ ಎಕರೆ ಲೆಕ್ಕ ಬಿಟ್ಟು ದಿನಗೂಲಿ ಮಾಡಿಸಿದ್ವಿ. ಆ ವರ್ಷ ಒಂಬತ್ತು ಗದ್ದೆ ಚೆನ್ನಾಗ್ ಬಂತು.

ಎಲ್ಲಾ ಸರಿಹೋಯ್ತು ಅಂತಲ್ಲ. ಮಳವಳ್ಳಿ ಕಡೆ, ನಾಲೆ ಕೊನೇಲಿ, ಕಟ್ಟು ನೀರು, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ನೀರು, ಬರೋ ಕಡೆ, ಗದ್ದೆ ಆರಿಸಿ ಆಮೇಲೆ ನೀರು ಕಟ್ಟಿ ಅಂತ ನಾವು ಹೇಳಿದ್ರೆ ಯಾರೂ ಕೇಳಲ್ಲ, ಮುಂದಿನ ಕಟ್ಟಿಗೆ ನೀರು ಬರುತ್ತೋ ಇಲ್ವೋ ಅನ್ನೋ ಭಯದಲ್ಲಿ ಸಿಕ್ಕಾಗ ತುಂಬಿಸ್ಕೊಳ್ತಾರೆ, ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಅಲ್ಲಿ ಆ ಪಾಠ ಬಿಟ್ಟು ಬಿತ್ತನೆನ ಉಪ್ಪು ನೀರಲ್ಲಿ ಹಾಕಿ ಗಟ್ಟಿ ಕಾಳು ಬೇರೆ ಮಾಡೋದು, ಎಲೆ ಬಣ್ಣದ ಪಟ್ಟಿನ ಎಲೆ ಪಕ್ಕ ಹಿಡಿದು ಹಸಿರು ಎಷ್ಟಿದೆ ನೋಡಿ ಯೂರಿಯಾ ಹಾಕೋದು, ಇಷ್ಟೇ ಹೇಳ್ತೀವಿ. ಯೂರಿಯಾ ಕಮ್ಮಿ ಆದ್ರೆ ಎಲೆ ಸುಟ್ಟ ಹಾಗೆ ಮಾಡೋ ಬೆಂಕಿ ರೋಗದ ಕಾಟನೂ ಇಳಿಯುತ್ತೆ, ಔಷಧಿ ಅಂಗಡಿ ಸಾಲನೂ.

ಈಗ ಹೊಸ ಊರಿಗೆ ಹೋದ್ರೆ ನಾನು ಮೊದಲು ಕೇಳೋದು, ಇಲ್ಲಿ ನಾಟಿಗೆ ಯಾರು ಬರ್ತಾರೆ, ಕೂಲಿ ಹೆಂಗೆ ಅಂತ. ಆ ಹಿರಿಯೋರ ಗುಂಪನ್ನ ಈಗ ಪಕ್ಕದ ಮೂರು ಊರೋರು ಕರೀತಾರೆ. ಹೋದ ವಾರ ಫೋನ್ ಮಾಡಿದ್ರು, ಹಗ್ಗ ಹಳೇದಾಯ್ತಂತೆ, ಹೊಸದು ಎರಡು ಬೇಕಂತೆ, ಬಟ್ಟೆ ಚೂರು ತಾವೇ ಕಟ್ಕೊಳ್ತಾರಂತೆ.