ತೇರಿಗೆ ಊದಿ ಬಂದ ಹುಡುಗ

ಹನ್ನೊಂದನೇ ಸಾಲಿನ ಷರಾ ಕಾಲಂನಲ್ಲಿ ನಾನು ಬರೆದಿದ್ದು ಮೂರೇ ಪದ: "ಊದಲು ಬರುವುದಿಲ್ಲ, ಬೇಡ." ವರ್ಷವಾಯಿತು. ಆ ಫೈಲ್ ತೆರೆದಾಗಲೆಲ್ಲ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ದಾವಣಗೆರೆಯಲ್ಲಿ ಪ್ರತಿ ಮೇ ತಿಂಗಳು ಊದುವ ವಾದ್ಯಗಳಿಗೆಂದೇ ನಾವು ಬೇಸಿಗೆ ಶಿಬಿರ ಮಾಡುತ್ತೇವೆ. ಅರ್ಜಿ, ಆಯ್ಕೆ, ಹಾಸ್ಟೆಲ್, ಊಟ, ಲೆಕ್ಕ ಎಲ್ಲ ನನ್ನ ಕೆಲಸ. ಕೊಂಬು ಊದುವ ಮಕ್ಕಳಿಗೆ ನಾಲ್ಕು ಸೀಟು ಪೂರ್ತಿ ಉಚಿತ. ಜೀವಮಾನವೆಲ್ಲ ಜಾತ್ರೆ, ತೇರು, ಮೆರವಣಿಗೆಗಳಲ್ಲಿ ಕೊಂಬು ಊದಿ ತೀರಿಕೊಂಡ ಹಿರಿಯರೊಬ್ಬರ ನೆನಪಿಗೆ ಅವರ ಮನೆಯವರು ಇಟ್ಟ ದುಡ್ಡು ಅದು. ಫೀಸು, ಊಟ, ಬಸ್ ಚಾರ್ಜು ಎಲ್ಲ ಅದರಲ್ಲೇ. ಈ ಮಕ್ಕಳಿಗೆ ಇದು ಬಿಟ್ಟರೆ ಬೇರೆ ವಿದ್ಯಾರ್ಥಿವೇತನ ನಾನಂತೂ ಕಂಡಿಲ್ಲ. ಅದಕ್ಕೇ ಆಯ್ಕೆ ಸರಿಯಾಗಿ ಆಗಬೇಕು ಅಂತ ನನಗೆ ಹಟ. ರೂಲ್ಸ್ ನಾನೇ ಬರೆದೆ. ಒಬ್ಬರಿಗೆ ಏಳು ನಿಮಿಷ. ಒಂದೇ ಅವಕಾಶ. ಯಾರ ಶಿಫಾರಸೂ ನಡೆಯಲ್ಲ.

ಕಳೆದ ವರ್ಷ ಆಯ್ಕೆ ಬಿದ್ದಿದ್ದು ಮಾರ್ಚ್‌ನಲ್ಲಿ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತೇರು ಮುಗಿದ ಮಾರನೇ ದಿನ. ತೇರಿನ ದಿನ ಯಾವುದು ಅಂತ ನಾನು ನೋಡಿರಲೇ ಇಲ್ಲ. ಹಾಲ್ ಖಾಲಿ ಇದ್ದ ದಿನ ನೋಡಿದ್ದೆ, ಅಷ್ಟೇ.

ಹನ್ನೊಂದನೆಯವನು ಚಳ್ಳಕೆರೆ ಕಡೆಯ ಹುಡುಗ. ಹತ್ತನೇ ಕ್ಲಾಸು. ಬೆಳಗಿನ ಜಾವದ ಬಸ್ಸಿಗೆ ಒಬ್ಬನೇ ಬಂದಿದ್ದ. ಟವೆಲ್‌ನಲ್ಲಿ ಸುತ್ತಿದ್ದ ಕೊಂಬಿನ ಭಾಗಗಳನ್ನು ಒಂದೊಂದಾಗಿ ತೆಗೆದು, ಒರೆಸಿ, ಜೋಡಿಸಿದ. ಜೋಡಿಸುವ ರೀತಿ ನೋಡಿದರೇ ಕೈ ಪಳಗಿದೆ ಅಂತ ಗೊತ್ತಾಗುತ್ತಿತ್ತು. ನಾನು ಮೊಬೈಲ್‌ನಲ್ಲಿ ಏಳು ನಿಮಿಷ ಶುರು ಮಾಡಿದೆ.

ಬರೀ ಗಾಳಿ ಬಂತು.

ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದ. ಅರ್ಧ ಸ್ವರ ಎದ್ದು ಒಡೆದುಹೋಯಿತು. ಮೂರನೇ ಸಲ ಕಣ್ಣಲ್ಲಿ ನೀರು ಬಂತು, ಸ್ವರ ಬರಲಿಲ್ಲ. ಕೊಂಬು ಕೆಳಗಿಳಿಸಿ ನಿಂತ. ಅವನ ತುಟಿಯ ಮೇಲೆ ಕೆಂಪಗೆ ದುಂಡನೆಯ ಗುರುತಿತ್ತು, ಮೌತ್‌ಪೀಸ್ ಒತ್ತಿ ಒತ್ತಿ ಆದ ಗುರುತು. ಕೆಳತುಟಿ ದಪ್ಪಗಾಗಿತ್ತು. ನಾನು ಅದನ್ನು ನೋಡಿದೆ. ಏನಾಯ್ತಪ್ಪ ಅಂತ ಕೇಳಲಿಲ್ಲ. ಇನ್ನೂ ನಾಲ್ಕು ನಿಮಿಷ ಇತ್ತು. ಆ ನಾಲ್ಕೂ ನಿಮಿಷ ಅವನು ನೆಲ ನೋಡುತ್ತಿದ್ದ, ನಾನು ಮೊಬೈಲ್ ನೋಡುತ್ತಿದ್ದೆ.

"ನಾಳೆ ಬರ್ಲಾ ಮೇಡಂ? ಇವತ್ತು ತುಟಿ ನಿಲ್ತಿಲ್ಲ."

"ಇಲ್ಲಪ್ಪ, ಎಲ್ಲರಿಗೂ ಒಂದೇ ರೂಲು."

ನಮ್ಮ ತೀರ್ಪುಗಾರರು ಬ್ಯಾಂಡ್‌ನಲ್ಲಿ ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ) ನುಡಿಸಿ ರಿಟೈರ್ ಆದವರು. "ಇವನನ್ನ ಇನ್ನೊಂದು ದಿನ ಕೇಳೋಣಮ್ಮ" ಅಂದರು. ಐದು ಗಂಟೆಗೆ ಪಟ್ಟಿ ಕೇಳಿದ್ದಾರೆ ಸರ್ ಅಂದೆ. ಅದು ನಿಜವೇ. ಪೇಪರ್‌ಗೆ ಕೊಡಬೇಕು ಅಂತ ಮಧ್ಯಾಹ್ನದಿಂದ ಗ್ರೂಪ್‌ನಲ್ಲಿ ಮೂರು ಸಲ ಮೆಸೇಜ್ ಬಂದಿತ್ತು. ಅಂದೇ ಪಟ್ಟಿ ಬಂದರೆ ಯಾರಿಗೆ ಏನು ಲಾಭವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಒಂದು ಫೋನ್ ಮಾಡಿ ನಾಳೆ ಕೊಡ್ತೀನಿ ಅನ್ನಬಹುದಿತ್ತು. ಅನ್ನಲಿಲ್ಲ. ಹುಡುಗ ಕೊಂಬು ಬಿಚ್ಚಿ ಅದೇ ಟವೆಲ್‌ನಲ್ಲಿ ಸುತ್ತಿಕೊಂಡು ಹೋದ. ನಾನು ಷರಾ ಬರೆದೆ.

ಅವತ್ತು ಸಂಜೆ ತೀರ್ಪುಗಾರರು ಟೀ ಕುಡಿಯುತ್ತಾ ಬಿಡಿಸಿ ಹೇಳಿದರು. ಕೊಂಬಿಗೆ ಕೊಳಲಿನ ಹಾಗೆ ತೂತಿಲ್ಲ. ತುಟಿ ಅದುರಿದರೆ ಸ್ವರ, ಇಲ್ಲದಿದ್ದರೆ ಬರೀ ಗಾಳಿ. ಬಿಗಿ ಮಾಡುತ್ತಾ ಹೋದರೆ ಷಡ್ಜ, ಅದರ ಮೇಲೆ ಪಂಚಮ, ಮತ್ತೆ ಷಡ್ಜ, ಆಮೇಲೆ ಅಂತರ ಗಾಂಧಾರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತದೆ. ನಡುವಿನದು ಸುಲಭಕ್ಕೆ ಸಿಗಲ್ಲ. ಫ್ರೆಂಚ್ ಹಾರ್ನೂ ಮೊದಲು ಹೀಗೇ ಇತ್ತಂತೆ. 19ನೇ ಶತಮಾನದಲ್ಲಿ, ಬೆರಳಲ್ಲಿ ಒತ್ತಿ ಕೊಳವೆಯ ಉದ್ದ ಬದಲಿಸುವ ವಾಲ್ವ್ ಬಂದ ಮೇಲೆ ಉಳಿದ ಸ್ವರಗಳು ಸಲೀಸಾದವು. ಫ್ರೆಂಚ್ ಹಾರ್ನ್ ಬಿಚ್ಚಿ ನೇರ ಮಾಡಿದರೆ ಸುಮಾರು 12 ಅಡಿ ಕೊಳವೆ. "ಅಷ್ಟುದ್ದ ಕೊಳವೆ ಇದ್ದರೂ ಕೆಲಸ ಮಾಡೋದು ಇಷ್ಟೇ ಇಷ್ಟು ತುಟಿ" ಅಂತ ಬೆರಳಲ್ಲಿ ತೋರಿಸಿದರು. ಜಾಸ್ತಿ ಊದಿದರೆ ತುಟಿ ಊದಿಕೊಳ್ಳುತ್ತೆ, ಸೋಲುತ್ತೆ. ವಿಶ್ರಾಂತಿ ಬಿಟ್ಟರೆ ಮದ್ದಿಲ್ಲ. ಕೇಳಿಸಿಕೊಂಡೆ. ಅಷ್ಟರಲ್ಲಿ ಪಟ್ಟಿ ಹೋಗಿಯಾಗಿತ್ತು.

ಮೇ ತಿಂಗಳು ಶಿಬಿರ ಶುರುವಾಯಿತು. ವಿದ್ಯಾರ್ಥಿವೇತನದ ಪತ್ರ ಕೊಡಲು ಆ ಹಿರಿಯರ ಹೆಂಡತಿ ಬಂದರು. ನಾಲ್ಕೂ ಮಕ್ಕಳನ್ನು ಹತ್ತಿರ ಕರೆದು ಎಲ್ಲಿ ಊದ್ತೀರಿ ಅಂತ ವಿಚಾರಿಸಿದರು. ಎಲ್ಲರೂ ಊರಿನ ತಂಡಗಳಲ್ಲಿ ಕಲಿಯುತ್ತಿದ್ದವರು. ಚೆನ್ನಾಗಿ ಊದುವ ಮಕ್ಕಳೇ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಅಜ್ಜಿ ನನ್ನನ್ನು ಕೇಳಿದರು: "ತೇರಿಗೆ ಊದೋ ಹುಡುಗ್ರು ಯಾರೂ ಬರ್ಲಿಲ್ವೇನವ್ವಾ?"

ಒಬ್ಬ ಬಂದಿದ್ದ, ತುಟಿ ಊದಿಕೊಂಡಿತ್ತು ಅಂದೆ.

"ಊದಿಕೊಳ್ಳದೆ ಏನು? ನಮ್ಮೆಜಮಾನ್ರು ತೇರು ಮುಗಿದ್ಮೇಲೆ ಎರಡು ದಿನ ತುಟಿಗೆ ತುಪ್ಪ ಹಚ್ಕಂಡು ಮಲಗ್ತಿದ್ರು. ಖಾರ ಮುಟ್ತಿರ್ಲಿಲ್ಲ. ಮಾತೇ ಆಡ್ತಿರ್ಲಿಲ್ಲ."

ನನಗೂ ಮಾತು ಹೊರಡಲಿಲ್ಲ. ಅವರ ನೆನಪಿನ ಸೀಟನ್ನು, ಅವರು ಮಾಡಿದ ಕೆಲಸವನ್ನೇ ಮಾಡಿ ಬಂದ ಹುಡುಗನಿಗೆ ನಾನು ತಪ್ಪಿಸಿದ್ದೆ.

ಅವತ್ತೇ ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಸೋದರಮಾವ ಎತ್ತಿಕೊಂಡರು. ಹುಡುಗ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿದ್ದ. ಐದನೇ ಸೀಟು ಕೊಡುತ್ತೇವೆ, ಖರ್ಚು ಅಜ್ಜಿ ನೋಡಿಕೊಳ್ಳುತ್ತಾರಂತೆ, ಈಗಲೂ ಬರಬಹುದು ಅಂದೆ. ಅವರು ಸಿಟ್ಟಾಗಲಿಲ್ಲ. "ಊದಕ್ಕೆ ಬರಲ್ಲ ಅಂತ ನೀವೇ ಬರ್ದಿದ್ರಲ್ಲ ಮೇಡಂ. ಅದನ್ನ ಓದಿ ಕೊಂಬು ಅಟ್ಟಕ್ಕೆ ಹಾಕ್ಬಿಟ್ಟ" ಅಂದರು.

ಷರಾ ಅವನಿಗೆ ಹೇಗೆ ಗೊತ್ತಾಯಿತು? ಹುಡುಕಿದರೆ ನಮ್ಮ ಸಾಫ್ಟ್‌ವೇರ್ ಫಲಿತಾಂಶದ ಮೆಸೇಜ್ ಜೊತೆ ಷರಾ ಕಾಲಮನ್ನೂ ಕಳಿಸುತ್ತಿತ್ತು. ಎಷ್ಟು ಮಕ್ಕಳಿಗೆ ಹಾಗೆ ಹೋಗಿದೆಯೋ. ಮಾಡಿಕೊಟ್ಟವರಿಗೆ ಹೇಳಿದರೆ, ನೀವೇ ಕೇಳಿದ್ದು ಅಂದರು. ಅದನ್ನು ತೆಗೆಸಲು ಎರಡು ತಿಂಗಳು ಓಡಾಡಿದೆ.

ಈ ವರ್ಷ ಅರ್ಜಿಯಲ್ಲಿ ಹೊಸ ಪ್ರಶ್ನೆ ಇದೆ: ಕಳೆದ ಹದಿನೈದು ದಿನದಲ್ಲಿ ಎಲ್ಲೆಲ್ಲಿ ಊದಿದ್ದೀರಿ? ಆಯ್ಕೆ ಎರಡು ದಿನ, ನಡುವೆ ಒಂದು ವಾರದ ಬಿಡುವು. ಎರಡು ದಿನದ ಹಾಲ್ ಬಾಡಿಗೆ ಯಾಕೆ ಅಂತ ಮೀಟಿಂಗ್‌ನಲ್ಲಿ ಜೋರಾಗಿಯೇ ಕೇಳಿದರು. ಅಜ್ಜಿಯ ಮಾತನ್ನು ಇದ್ದ ಹಾಗೇ ಹೇಳಿದೆ. ಪಾಸಾಯಿತು. ದಿನ ಗೊತ್ತು ಮಾಡುವ ಮೊದಲು ಪಂಚಾಂಗ ತರಿಸಿ ಸುತ್ತಲಿನ ತೇರುಗಳ ದಿನಗಳಿಗೆಲ್ಲ ಕೆಂಪು ಗೆರೆ ಹಾಕಿದ್ದೇನೆ.

ಮೊನ್ನೆ ಸೋದರಮಾವನಿಗೆ ಮತ್ತೆ ಫೋನ್ ಮಾಡಿದ್ದೆ. ಹುಡುಗ ಊರಲ್ಲೇ ಪಿಯುಸಿ ಓದುತ್ತಿದ್ದಾನಂತೆ. ಕೊಂಬು ಇನ್ನೂ ಅಟ್ಟದ ಮೇಲೇ ಇದೆ. ಅವನ ಹೆಸರು ಬರೆದು ಫಾರಂ ಅಂಚೆಗೆ ಹಾಕಿದ್ದೇನೆ, ಜೊತೆಗೆ ತಪ್ಪಾಯ್ತು ಅಂತ ಒಂದು ಕಾಗದ. ಕೊನೇ ದಿನಕ್ಕೆ ಇನ್ನೂ ಒಂಬತ್ತು ದಿನ ಇದೆ.