ಎಂಟು ತಿಂಗಳು ಬಾಕಿ ಇದ್ದಾಗ ಕೊಟ್ಟ ರಾಜೀನಾಮೆ

ಮೊನ್ನೆ ಸಂಜೆ ಕಿರಾಣಿ ಅಂಗಡಿ ಮುಂದಿನ ಕಟ್ಟೆ ಮೇಲೆ ನಮ್ಮ ಓಣಿಯ ಹುಡುಗನೊಬ್ಬ ಮೊಬೈಲ್ ನೋಡುತ್ತಾ ಕೂತಿದ್ದ. ಅಮೆರಿಕದ ಅಧ್ಯಕ್ಷರ ಜನಪ್ರಿಯತೆ ಕುಸಿದಿದೆ ಅನ್ನೋ ಸುದ್ದಿ. ನನ್ನನ್ನು ಕಂಡವನೇ ಕೇಳಿದ: “ಅಕ್ಕಾರ, ಅಷ್ಟ ಮಂದಿ ಬ್ಯಾಡ ಅಂತಾರಲ್ರಿ, ಅಲ್ಲಿ ಅಧ್ಯಕ್ಷನ ಮ್ಯಾಲ ಅವಿಶ್ವಾಸ ಹಾಕಾಕ ಬರಂಗಿಲ್ಲೇನ್ರಿ?”

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ಜಮಖಂಡಿ ತಾಲೂಕಿನ ಈ ಊರಿಗೆ ನಾನೂ ಒಂದು ಕಾಲಕ್ಕೆ ಅಧ್ಯಕ್ಷೆ. 2010ರಲ್ಲಿ ಗ್ರಾಮ ಪಂಚಾಯಿತಿಯ ಆ ಕುರ್ಚಿಯಲ್ಲಿ ಕೂತೆ, 2012ರ ಮೇ ತಿಂಗಳಲ್ಲಿ ಎದ್ದುಬಂದೆ. ಮೂವತ್ತು ತಿಂಗಳ ಅವಧಿಯಲ್ಲಿ ಇನ್ನೂ ಎಂಟು ತಿಂಗಳು ಬಾಕಿ ಇತ್ತು.

“ಬರಂಗಿಲ್ಲ ತಮ್ಮಾ” ಅಂದೆ. ನಮ್ಮಲ್ಲಿ ಮೂರನೇ ಎರಡರಷ್ಟು ಸದಸ್ಯರು ಒಂದಾದರೆ ಅಧ್ಯಕ್ಷರು ಮನೆಗೆ. ಅಲ್ಲಿ ನಾಲ್ಕು ವರ್ಷಕ್ಕೆ ಆರಿಸಿ ಬಂದವನನ್ನು ಇಳಿಸಬೇಕೆಂದರೆ ಕೆಳಮನೆ ಆರೋಪ ಹೊರಿಸಬೇಕು, ಆಮೇಲೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡು ಮತ ಬೀಳಬೇಕು. ಇವತ್ತಿನವರೆಗೆ ಸೆನೆಟ್ ಒಬ್ಬ ಅಧ್ಯಕ್ಷನನ್ನೂ ಹಾಗೆ ಇಳಿಸಿಲ್ಲ.

ಅಲ್ಲಿಗೆ ಮಾತು ಮುಗೀತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಮೆರಿಕದ ಗ್ಯಾಲಪ್ ಸಮೀಕ್ಷೆಯವರು ಜನರನ್ನು ಕೇಳುತ್ತಾ ಬಂದ ಪ್ರಶ್ನೆ ಬಹಳ ಸರಳ: ಅಧ್ಯಕ್ಷರು ಕೆಲಸ ಮಾಡುತ್ತಿರುವ ರೀತಿ ನಿಮಗೆ ಒಪ್ಪಿಗೆಯೋ ಇಲ್ಲವೋ? ಅವರು ಇರಬೇಕೋ ಹೋಗಬೇಕೋ ಅಂತ ಅಲ್ಲಿ ಕೇಳುತ್ತಲೇ ಇರಲಿಲ್ಲ. 1952ರ ಫೆಬ್ರುವರಿಯಲ್ಲಿ, ಕೊರಿಯಾ ಯುದ್ಧ ಎಳೆದಾಡುತ್ತಿದ್ದಾಗ, ಹ್ಯಾರಿ ಟ್ರೂಮನ್‌ಗೆ ಒಪ್ಪಿಗೆ ಕೊಟ್ಟವರು ನೂರಕ್ಕೆ 22 ಮಂದಿ. ಆತ ರಾಜೀನಾಮೆ ಕೊಡಲಿಲ್ಲ, 1953ರ ಜನವರಿಗೆ ಅವಧಿ ಮುಗಿಸಿಯೇ ಹೋದ. 1974ರ ಆಗಸ್ಟಿನಲ್ಲಿ ರಿಚರ್ಡ್ ನಿಕ್ಸನ್‌ಗೆ ಇದ್ದದ್ದು 24. ಟ್ರೂಮನ್‌ಗಿಂತ ಎರಡು ಹೆಚ್ಚೇ. ಆದರೂ ಹೋದದ್ದು ನಿಕ್ಸನ್.

ನಿಕ್ಸನ್‌ನನ್ನು ಕಳಿಸಿದ್ದು ಆ 24 ಅಲ್ಲ. ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ ವಾಟರ್‌ಗೇಟ್ ಪ್ರಕರಣದ ತನಿಖೆಗೆ ಅಡ್ಡಗಾಲು ಹಾಕುವ ಮಾತನ್ನು ಆತ ತನ್ನ ಬಾಯಿಂದಲೇ ಆಡಿದ್ದ ಧ್ವನಿಸುರುಳಿ ಆಗಸ್ಟ್ 5ಕ್ಕೆ ಹೊರಬಿತ್ತು. 7ನೇ ತಾರೀಖು ಅವನ ಪಕ್ಷದವರೇ ಆದ ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್ ಮೂವರೂ ಶ್ವೇತಭವನಕ್ಕೆ ಹೋಗಿ, ಸೆನೆಟ್‌ನಲ್ಲಿ ನಿಮ್ಮ ಕಡೆ ಮತ ಉಳಿದಿಲ್ಲ ಅಂತ ತಿಳಿಸಿದರು. ಮರುದಿನ ರಾತ್ರಿ ಆತ ಟೀವಿಯಲ್ಲಿ ರಾಜೀನಾಮೆ ಸಾರಿದ.

ಇದನ್ನು ಓದಿದಾಗೆಲ್ಲ ನನಗೆ ನಮ್ಮ ಮನೆ ಪಡಸಾಲೆ ಕಣ್ಣಿಗೆ ಬರುತ್ತದೆ.

2012ರ ಬೇಸಿಗೆ. ಹಿಂದಿನ ಮಳೆ ಕೈಕೊಟ್ಟಿತ್ತು. ಕೃಷ್ಣಾ ಹೊಳೆ ನಮ್ಮೂರಿಂದ ಹತ್ತೇ ಕಿಲೋಮೀಟರ್, ಆದರೆ ಊರಿನ ನಾಲ್ಕು ಬೋರುಗಳಲ್ಲಿ ಮೂರು ಬತ್ತಿದ್ದವು. ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಒಂದು ಮುಂಜಾನೆ ನಲವತ್ತು ಹೆಣ್ಣುಮಕ್ಕಳು ಖಾಲಿ ಕೊಡ ತಂದು ಪಂಚಾಯಿತಿ ಬಾಗಿಲಿಗೆ ಇಟ್ಟರು. ಪ್ಲಾಸ್ಟಿಕ್ ಕೊಡಗಳ ನಡುವೆ ಒಂದು ಹಳೇ ತಾಮ್ರದ ಕೊಡ ಇತ್ತು, ನನ್ನ ಮದುವೆಯಲ್ಲಿ ಸೋಬಾನ ಹಾಡಿದ್ದ ಮುದುಕಿಯದು. ಆಕೆ ಬೈಯಲಿಲ್ಲ, ನನ್ನ ಮುಖ ನೋಡಿದಳು ಅಷ್ಟೇ. ನನ್ನ ಸಮೀಕ್ಷೆ ಅವತ್ತೇ ಆಗಿಹೋಯಿತು.

ಅವತ್ತೇ ರಾತ್ರಿ ನಮ್ಮ ಬಣದ ಐದು ಮಂದಿ ಸದಸ್ಯರು ಮನೆಗೆ ಬಂದರು. ಚಹಾ ಕುಡಿದರು. ಕಬ್ಬಿನ ಬಿಲ್ಲಿನ ಮಾತಾಡಿದರು. ಎದ್ದು ಚಪ್ಪಲಿ ಮೆಟ್ಟುವಾಗ ಹಿರಿಯರೊಬ್ಬರು, “ಅಕ್ಕಾರ, ಮಂದಿ ಸಿಟ್ಟ ಭಾಳ ಐತಿ. ನೀವಾಗೇ ಬಿಟ್ರ ಮರ್ಯಾದಿ ಉಳಿತೈತಿ” ಅಂದರು. ನಾನು ಒಂದು ರೂಪಾಯಿ ತಿಂದವಳಲ್ಲ, ಒಂದು ಸುಳ್ಳು ಠರಾವು ಬರೆಸಿದವಳಲ್ಲ. ಹೊಳೆಯಿಂದ ಪೈಪ್‌ಲೈನ್ ತರಲು ಅಂದಾಜುಪಟ್ಟಿ ಮಾಡಿಸಿ ಓಡಾಡುತ್ತಿದ್ದೆ. ಆದರೂ ಆ ತಾಮ್ರದ ಕೊಡ ಮನಸ್ಸಿನಲ್ಲಿ ಕೂತಿತ್ತು, ಹೂಂ ಅಂದುಬಿಟ್ಟೆ.

ಜಮಖಂಡಿ ಎ.ಸಿ. (ಸಹಾಯಕ ಆಯುಕ್ತರ) ಆಫೀಸಿಗೆ ಒಂದೂವರೆ ಪುಟದ ರಾಜೀನಾಮೆ ಒಯ್ದಿದ್ದೆ. ಮಳೆ, ಬೋರು, ಟ್ಯಾಂಕರ್, ನನ್ನ ನೋವು, ಎಲ್ಲ ಬರೆದಿದ್ದೆ. ಗುಮಾಸ್ತರು ಓದಿ, “ತಾಯೀ, ಕಾರಣ ಬೇಕಿಲ್ರಿ. ಒಂದ ಸಾಲು ಸಾಕು” ಅಂತ ಬಿಳಿ ಹಾಳೆ ಕೊಟ್ಟರು. ನಿಕ್ಸನ್ ಪತ್ರವೂ ಒಂದೇ ಸಾಲಿನದು ಅಂತ ಆಮೇಲೆ ಗೊತ್ತಾಯಿತು. ವಿದೇಶಾಂಗ ಕಾರ್ಯದರ್ಶಿ ಕಿಸಿಂಜರ್ ಹೆಸರಿಗೆ ಬರೆದದ್ದು: ಈ ಮೂಲಕ ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ನೀಡುತ್ತೇನೆ, ಅಷ್ಟೇ.

ನಾನು ಮಾಡಿದ್ದು ತಪ್ಪು ಅಂತ ಈಗ ಖಂಡಿತ ಅನ್ನುತ್ತೇನೆ. ಜನ ಸಿಟ್ಟಾಗಿದ್ದರು ನಿಜ, ಆದರೆ ಅವರಿಗೆ ಬೇಕಾಗಿದ್ದದ್ದು ನೀರು. ನಾನು ಅವರಿಗೆ ಖಾಲಿ ಕುರ್ಚಿ ಕೊಟ್ಟು ಬಂದೆ. 1984ರಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಪಕ್ಷಕ್ಕೆ ರಾಜ್ಯದ 28 ಲೋಕಸಭಾ ಸೀಟುಗಳಲ್ಲಿ ನಾಲ್ಕೇ ಸಿಕ್ಕಾಗ ಅವರೂ ರಾಜೀನಾಮೆ ಕೊಟ್ಟರು. ಆದರೆ ಅವರು ವಿಧಾನಸಭೆಯನ್ನೇ ವಿಸರ್ಜಿಸಿ ಮತ್ತೆ ಜನರ ಮುಂದೆ ನಿಂತರು, 1985ರಲ್ಲಿ 139 ಸ್ಥಾನ ಗೆದ್ದು ಬಂದರು. ಮುಂದೇನು ಅನ್ನೋದನ್ನು ಜನರ ಕೈಗೇ ಕೊಟ್ಟ ರಾಜೀನಾಮೆ ಅದು. (ಅದೇ ಹೆಗಡೆಯವರು 1991ರಲ್ಲಿ ನಮ್ಮ ಬಾಗಲಕೋಟೆಯಲ್ಲಿ ಸೋತರು, ರೈತರನ್ನು ಕೂಡಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದ್ದ ಸಿದ್ದು ನ್ಯಾಮಗೌಡರ ಎದುರು. ನಮ್ಮ ಕಡೆ ಮತ ಅಂದರೆ ನೀರು.)

ನನ್ನ ರಾಜೀನಾಮೆ ಆದಮೇಲೆ ಅಧಿಕಾರ ಉಪಾಧ್ಯಕ್ಷರಿಗೆ ಹೋಯಿತು. “ನಾಳೆ ನನ್ನ ಕೊಳ್ಳಿಗೆ ಬರ್ತೈತಿ” ಅಂತ ಅವರು ಯಾವ ಚೆಕ್ಕಿಗೂ ಸಹಿ ಹಾಕಲಿಲ್ಲ. ಟ್ಯಾಂಕರ್‌ನವನ ಬಿಲ್ಲು ನಿಂತಿತು, ಎರಡು ದಿನಕ್ಕೊಮ್ಮೆ ಬರುತ್ತಿದ್ದದ್ದು ನಾಲ್ಕು ದಿನಕ್ಕಾಯಿತು. ಸ್ಥಾನ ಮಹಿಳೆಗೆ ಮೀಸಲು. ಇಬ್ಬರು ಸದಸ್ಯೆಯರ ಗಂಡಂದಿರು ಪೈಪೋಟಿಗೆ ಬಿದ್ದು, ಒಬ್ಬರು ಏಳು ಮಂದಿಯನ್ನು ಗಾಡಿ ಹತ್ತಿಸಿಕೊಂಡು ಗೋವಾಕ್ಕೆ ಹೋದರು. ಹೊಸ ಅಧ್ಯಕ್ಷೆ ಬರುವ ಹೊತ್ತಿಗೆ ಎರಡು ತಿಂಗಳು. ನನ್ನ ಪೈಪ್‌ಲೈನ್ ಕಡತ ಪಿಡಿಓ ಕಪಾಟಿನಲ್ಲೇ ಇತ್ತು. ಹೊಳೆ ನೀರು ಊರಿಗೆ ಬಂದದ್ದು 2014ಕ್ಕೆ. ಅಷ್ಟರಲ್ಲಿ ಆ ಮುದುಕಿ ತೀರಿಕೊಂಡಿದ್ದಳು.

ಅದಕ್ಕೇ ನನಗೆ ರಾಜೀನಾಮೆಗಿಂತ ಅದರ ಮರುದಿನದ ಪ್ರಶ್ನೆಯೇ ದೊಡ್ಡದು. ಅಮೆರಿಕದವರು ಇದನ್ನು ಪೆಟ್ಟು ತಿಂದು ಕಲಿತರು. 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯಾದಾಗ ಉಪಾಧ್ಯಕ್ಷ ಜಾನ್ಸನ್ ಮೇಲಕ್ಕೇರಿದರು, ಉಪಾಧ್ಯಕ್ಷರ ಕುರ್ಚಿ ಒಂದು ವರ್ಷದ ಮೇಲೆ ಖಾಲಿಯೇ ಇತ್ತು. ತುಂಬುವ ದಾರಿ ಸಂವಿಧಾನದಲ್ಲಿ ಇರಲಿಲ್ಲ. 1967ರ 25ನೇ ತಿದ್ದುಪಡಿ ಆ ದಾರಿ ಮಾಡಿತು. 1973ರ ಅಕ್ಟೋಬರಿನಲ್ಲಿ ಉಪಾಧ್ಯಕ್ಷ ಆಗ್ನ್ಯೂ ತೆರಿಗೆ ವಂಚನೆ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟಾಗ, ಜೆರಾಲ್ಡ್ ಫೋರ್ಡ್‌ನನ್ನು ನಿಕ್ಸನ್ ಹೆಸರಿಸಿದ, ಎರಡೂ ಮನೆಗಳು ಒಪ್ಪಿದವು. ಎಂಟು ತಿಂಗಳಿಗೆ ಆತನೇ ಅಧ್ಯಕ್ಷ. ದೇಶದ ಮತದಾರರು ಆ ಎರಡು ಸ್ಥಾನಗಳಲ್ಲಿ ಯಾವುದಕ್ಕೂ ಆತನನ್ನು ಆರಿಸಿರಲಿಲ್ಲ. ಒಂದು ತಿಂಗಳಲ್ಲಿ ಆತ ನಿಕ್ಸನ್‌ಗೆ ಕ್ಷಮಾದಾನ ಕೊಟ್ಟಾಗ ಜನರಿಗೆ ತಡೆಯಲಾಗದ ಸಿಟ್ಟು ಬಂದದ್ದು ಸಹಜ. ಆದರೆ ಒಂದು ದಿನವೂ ಅಧ್ಯಕ್ಷರ ಕುರ್ಚಿ ಖಾಲಿ ಇರಲಿಲ್ಲ.

ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರನ್ನೇ ನೋಡಿ. 1977ರ ಫೆಬ್ರುವರಿ 11ಕ್ಕೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು, ಉಪರಾಷ್ಟ್ರಪತಿ ಜತ್ತಿಯವರು ಅದೇ ದಿನ ಹೊಣೆ ಹೊತ್ತು ಜುಲೈ 25ರವರೆಗೆ ನಡೆಸಿದರು. ಆರು ತಿಂಗಳೊಳಗೆ ಚುನಾವಣೆ ಆಗಬೇಕೆಂದು ಸಂವಿಧಾನದಲ್ಲಿ ಮೊದಲೇ ಬರೆದಿಟ್ಟಿತ್ತು, ಹಾಗೇ ಆಯಿತು.

ನಿನ್ನೆ ಆ ಹುಡುಗ ಮತ್ತೆ ಸಿಕ್ಕ. ಇಷ್ಟನ್ನೂ ಹೇಳಿದೆ. ಆತ ಸುಮ್ಮನೆ ಕೇಳಿಸಿಕೊಂಡು, “ಹಂಗಾರ ಈಗ ನಮ್ಮ ಪಂಚಾಯ್ತಿ ಉಪಾಧ್ಯಕ್ಷರು ಯಾರ್ರೀ ಅಕ್ಕಾರ?” ಅಂದ. ಕಟ್ಟೆ ಮೇಲೆ ಆರು ಮಂದಿ ಕೂತಿದ್ದೆವು. ಒಬ್ಬರ ಮುಖ ಒಬ್ಬರು ನೋಡಿದೆವು.