ಮ್ಯಾನಿಟೋವಾಕ್‌ನಲ್ಲಿ ಸಬ್‌ಮರೀನ್

ವಿಸ್ಕಾನ್ಸಿನ್‌ನ ಮ್ಯಾನಿಟೋವಾಕ್‌ಗೆ ಬಂದಿದ್ದೇವೆ. ಮಿಷಿಗನ್ ಸರೋವರದ ದಡದಲ್ಲಿರುವ ಪುಟ್ಟ ಬಂದರು. ಸಮುದ್ರ ಎಲ್ಲೋ ದೂರ. ಆದರೂ ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲಿ 28 ಸಬ್‌ಮರೀನ್ ಕಟ್ಟಿದ್ದಾರೆ! ಊರಿನ ನದಿಯ ಅಗಲ ಕಡಿಮೆ, ಹಾಗಾಗಿ ಅಡ್ಡಡ್ಡಲಾಗಿಯೇ ನೀರಿಗೆ ಉರುಳಿಸುತ್ತಿದ್ದರಂತೆ. 1942ರ ಏಪ್ರಿಲ್‌ನಲ್ಲಿ ಮೊದಲನೆಯದು, 'ಪೀಟೋ'. ಆಮೇಲೆ ಶಿಕಾಗೋ ಕಾಲುವೆ ದಾಟಿಸಿ, ತೇಲುವ ಡಾಕ್ ಮೇಲೆ ಕೂರಿಸಿ, ಮಿಸಿಸಿಪ್ಪಿ ನದಿಯಲ್ಲಿ ನ್ಯೂ ಓರ್ಲಿಯನ್ಸ್‌ವರೆಗೆ ಸಾಗಿಸೋದು. ಸೇತುವೆಗಳಿಗೆ ತಾಗಬಾರದು ಅಂತ ಪೆರಿಸ್ಕೋಪ್ ಬಿಚ್ಚಿಟ್ಟು! ಮದುವೆ ಮಾಡಿ ಮಗಳನ್ನು ಕಳಿಸಿದ ಹಾಗೆ, ಇಷ್ಟೆಲ್ಲ ಜೋಪಾನ.

ಇಲ್ಲಿನ ಮ್ಯೂಸಿಯಂ ಪಕ್ಕ ನಿಂತಿರುವ 'ಕೋಬಿಯಾ' ಸಬ್‌ಮರೀನ್ ಒಳಗೆ ಹೋಗಿ ಬಂದೆವು. ಟಾರ್ಪಿಡೋಗಳ ಪಕ್ಕದಲ್ಲೇ ಮಂಚಗಳು. ನಮ್ಮ ಸ್ಲೀಪರ್ ಕೋಚಿನ ಅಪ್ಪರ್ ಬರ್ತ್ ಇದಕ್ಕಿಂತ ಎಷ್ಟೋ ವಾಸಿ. ತಮಾಷೆ ಅಂದ್ರೆ ಕೋಬಿಯಾ ಇಲ್ಲಿ ಕಟ್ಟಿದ್ದೇ ಅಲ್ಲ, ಕನೆಕ್ಟಿಕಟ್‌ನದು. ಊರು ಮಾತ್ರ ಅದನ್ನು ಸ್ವಂತ ಮಗುವಿನಂತೆ ನೋಡಿಕೊಳ್ಳುತ್ತಿದೆ. ಹೋಗಲಿ ಬಿಡಿ, ಇಲ್ಲಿ ಕಟ್ಟಿದವರಿಗೂ ಒಂದು ನೆನಪು ಬೇಕಲ್ವಾ?

ಈಗ 'ಬ್ಯಾಜರ್' ಹಡಗಿನ ಟಿಕೆಟ್ ನೋಡುತ್ತಿದ್ದೇನೆ. ಕಾರನ್ನೂ ಹತ್ತಿಸಿಕೊಂಡು ಆಚೆ ದಡದ ಲಡಿಂಗ್ಟನ್‌ಗೆ ಬಿಡುತ್ತದೆ. ಯಾರಾದ್ರೂ ಹೋಗಿದ್ದೀರಾ?